ಡೆಕ್ಕಿನ ಮೇಲೆ ಬಿಚ್ಚಿದ ಬುತ್ತಿ

ಮೊಂಬಾಸಾಕ್ಕೆ ಹೊರಟ ಈ ಹಡಗಿನಲ್ಲಿ ಊಟಕ್ಕೂ ಗಂಟೆ, ಆಟಕ್ಕೂ ಗಂಟೆ. ಡೆಕ್ಕಿನ ಮೇಲೆ ಹಗ್ಗದ ಬಳೆ ಎಸೆಯುವ ಆಟ ನಡೆದಿತ್ತು. ನಿಂಬರ್ಗಾದ ನನ್ನ ದೊಡ್ಡವ್ವ ಊಟದ ಗಂಟೆಗೆ ಕಾಯದೆ ಬುತ್ತಿ ಬಿಚ್ಚಿದಳು. ಆಟ ಆಡಿಸುತ್ತಿದ್ದ ಗೋರಾ ಸಾಹೇಬ ಹತ್ತಿರ ಹಾದುಹೋಗುತ್ತಿದ್ದ. ನಮ್ಮೂರ ರೂಢಿಯಂತೆ ದೊಡ್ಡವ್ವ ರೊಟ್ಟಿ ತೋರಿಸಿ, "ಬರ್ರಿ ಸಾಹೇಬ್ರ, ಊಟ ಮಾಡ್ರಿ," ಎಂದು ಬಾಯಿಮಾತಿಗೆ ಕರೆದಳು. ಪುಣ್ಯಾತ್ಮ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟ! ಶೇಂಗಾ ಹಿಂಡಿಯ ಖಾರಕ್ಕೆ ಕಣ್ಣೀರು ಸುರಿಸುತ್ತ, ನಗುತ್ತ, ಕೊನೆಯ ರೊಟ್ಟಿಯನ್ನೂ ಮುಗಿಸಿದ.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಈಗ ಅವನೇ ಬಾಗಿ, ಊಟದ ಕೋಣೆಯತ್ತ ಕೈ ತೋರಿಸಿ ದೊಡ್ಡವ್ವನನ್ನು ಕರೆದ.

"ನಮ್ದು ಆಗ್ಯಾದ್ರಿ, ನೀವು ಮಾಡ್ರಿ," ಎಂದಳು ದೊಡ್ಡವ್ವ, ಹಸಿದ ಹೊಟ್ಟೆಯಲ್ಲೇ. ಅವನು ಅತ್ತ ಹೋದದ್ದೇ ನನ್ನತ್ತ ತಿರುಗಿ ನಕ್ಕಳು: "ಹಿಂಗ ಅನ್ನಬೇಕಂತ ಅವಗ ಯಾರೂ ಕಲಿಸೇ ಇಲ್ಲ ನೋಡಪಾ!"