ಅತ್ತೆ ನನ್ನನ್ನು ಎಬ್ಬಿಸಲಿಲ್ಲ

ಮುಂಬಯಿ ಲೋಕಲ್ ರೈಲಿನ ಠಾಕುರ್ಲಿ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಅತ್ತೆಯ ಕಾಲು ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಸೋಫಾದಲ್ಲಿ ಕೂತವರಿಗೆ ಹೊತ್ತೇ ಹೋಗುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ನಾನೂ ಗಂಡನೂ ಮೊಬೈಲಿನಲ್ಲಿ ಆಡುತ್ತಿದ್ದ ಗುಂಡು ಹಾರಿಸುವ ಆಟವನ್ನು ಮೊದಮೊದಲು ಇಣುಕಿ ನೋಡುತ್ತಿದ್ದರು. ಆಮೇಲೆ "ನಂಗೂ ಹಾಕಿ ಕೊಡಿ" ಎಂದರು.

ಆಟ ಸರಳ. ದ್ವೀಪದಲ್ಲಿ ಇಳಿದು ಬಂದೂಕು ಹುಡುಕಿಕೊಳ್ಳಬೇಕು, ಕೊನೆಯವರೆಗೆ ಉಳಿದ ತಂಡ ಗೆದ್ದ ಹಾಗೆ. ಗುಂಡು ತಗಲಿ ಬಿದ್ದವರನ್ನು ಜೊತೆಯವರು ಬೇಗ ಬಂದು ಎಬ್ಬಿಸಿದರೆ ಬದುಕುತ್ತಾರೆ. ನಾನು ಸದ್ದು ಕೇಳಿದ ಕಡೆಗೆ ನುಗ್ಗುವವಳು. ನವಿ ಮುಂಬಯಿಯ ಆಫೀಸಿನಲ್ಲಿ ಬಾಯಿ ಬಿಡದವಳಿಗೆ ಇಲ್ಲಿ ಇಷ್ಟು ಧೈರ್ಯ ಎಲ್ಲಿಂದ ಬರುತ್ತದೋ! ಗಂಡನಿಗೆ ಜಗಳವೇ ಬೇಡ, ಸಿಕ್ಕ ಜೀಪು ಹತ್ತಿ ಸಮುದ್ರದ ದಂಡೆಯಲ್ಲಿ ಸುತ್ತುತ್ತಾನೆ. ಅತ್ತೆ ಹೇಗೆ ಆಡಿಯಾರೆಂದು ನಾನು ಯೋಚಿಸಿಯೇ ಇರಲಿಲ್ಲ. ಎಲ್ಲರಿಗೂ ಬಡಿಸಿ, ಬಂಗುಡೆ ಮೀನಿನ ಬಾಲ ಉಳಿದರೆ ತಾವು ಉಣ್ಣುವವರು ಅವರು.

ಒಂದು ಭಾನುವಾರ ಆಟದಲ್ಲಿ ಗಂಡ ಬೇಗನೇ ಸತ್ತ. ನಾನು ಒಂದು ಮನೆಯ ಹಿಂದೆ ಗುಂಡು ತಿಂದು ಬಿದ್ದೆ. "ಅತ್ತೆ, ಬೇಗ ಬನ್ನಿ, ಎಬ್ಬಿಸಿ!" ಎಂದು ಕೂಗಿದೆ. ಬಂದರು. ಹತ್ತು ಹೆಜ್ಜೆ ದೂರದ ಹುಲ್ಲಿನಲ್ಲಿ ಮಲಗಿ ಸುಮ್ಮನಾದರು. ನನ್ನನ್ನು ಹೊಡೆದವನು ಹತ್ತಿರ ಬಂದು ಕೊಂದು ಮುಗಿಸುವವರೆಗೂ ಕಾದು, ಅವನ ತಲೆಗೆ ಒಂದೇ ಗುಂಡು ಹಾರಿಸಿದರು. ಬಳಿಕ ನನ್ನ ಹೆಣದ ಬಳಿ ಇದ್ದ ಔಷಧಿ, ಗುಂಡು ಎಲ್ಲವನ್ನೂ ಬಾಚಿಕೊಂಡು ಹೋದರು.

"ಅತ್ತೆ, ನಾನು ಸಾಯೋದನ್ನ ನೋಡ್ತಾ ಮಲಗಿದ್ರಾ?"

"ಮತ್ತೆಂತ ಮಾಡುದು? ಎಬ್ಬಿಸ್ಲಿಕ್ಕೆ ಬಂದಿದ್ರೆ ನಾನೂ ಸಾಯ್ತಿದ್ದೆ." ಪರದೆಯಿಂದ ಕಣ್ಣೆತ್ತಲಿಲ್ಲ.

"ಕ್ಯಾ ಖೇಲಾ, ಅಮ್ಮ! ಎಂಥಾ ಆಟ!" ಎಂದು ಗಂಡ ಚಪ್ಪಾಳೆ ತಟ್ಟಿದ. ಬರೀ ಆಟವೆಂದು ಗೊತ್ತಿದ್ದರೂ ನನಗೆ ನಗು ಬರಲಿಲ್ಲ. ನನಗೆ ಡೆಂಗಿ ಬಂದಾಗ ಮೂರು ದಿನ ತಲೆಯ ಬಳಿಯಿಂದ ಏಳದೆ ಕೂತಿದ್ದವರು ಇವರೇನಾ?

ಅತ್ತೆಯೇ ಗೆದ್ದರು. ಮೊಬೈಲು ಕೆಳಗಿಟ್ಟು ನನ್ನ ಮುಖ ನೋಡಿದರು.

"ಬೇಜಾರಾಯ್ತಾ? ನಿನ್ನ ಮಾವನನ್ನು ನಾಲ್ಕು ಗಂಟೆಗೆ ಎಬ್ಬಿಸಿ ಹೋಟೆಲ್ ಕೆಲಸಕ್ಕೆ ಕಳ್ಸಿದ್ದು, ಮಕ್ಕಳನ್ನು ಎಬ್ಬಿಸಿ ಶಾಲೆಗೆ ಕಳ್ಸಿದ್ದು. ಮದುವೆಯಾಗಿ ಬಂದಲ್ಲಿಂದ ಎಬ್ಬಿಸಿದ್ದೇ ಆಯ್ತು ಮಾರಾಯ್ತಿ. ಇದ್ರಲ್ಲಾದ್ರೂ ನಾನೊಬ್ಳು ಬದುಕ್ತೇನೆ."

ದನಿಯಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು. ಎಂಟು ವರ್ಷ ಒಂದೇ ಸೂರಿನಡಿ ಇದ್ದೂ ನನಗೆ ಈ ಹೆಂಗಸು ಯಾರೆಂದು ಗೊತ್ತಿರಲಿಲ್ಲ. ಗಂಡ ತಲೆ ತಗ್ಗಿಸಿ ಬೆರಳ ಉಗುರು ನೋಡತೊಡಗಿದ. ಅತ್ತೆ ನಮ್ಮಿಬ್ಬರ ಉತ್ತರಕ್ಕೆ ಕಾಯದೆ, ಮುಂದಿನ ಆಟಕ್ಕೆ ಬೆರಳು ಒತ್ತಿದರು.