ಕಿಟ್ಟನ ಜೀಪು ಮತ್ತು ಮರಳಿನ ಸಾಹಸಿಗರು

ಕಾಪು ಕಡಲಬದಿಯ ಕಿಟ್ಟ ಮೀನು ಹಿಡಿಯುವುದನ್ನು ಬಿಟ್ಟು ವರ್ಷಗಳಾದವು. ಮೊಣಕಾಲು ಕೈಕೊಟ್ಟ ಮೇಲೆ ಅವನಿಗೆ ಒಂದೇ ಕೆಲಸ: ಹಿಂತಿರುಗಿದ ದೋಣಿಗಳನ್ನು ತನ್ನ ಹಳೆಯ ಫೋರ್ ವೀಲ್ ಜೀಪಿನಿಂದ ಅಲೆ ಮುಟ್ಟದ ಕಡೆಗೆ ಎಳೆಯುವುದು. ಬಾಯಿ ಹೊಲಸು. ಆದರೆ ದೋಣಿಯನ್ನು ನೀರಿನಲ್ಲಿ ಬಿಟ್ಟು ಅವನು ಊಟಕ್ಕೆ ಹೋದದ್ದನ್ನು ಯಾರೂ ನೋಡಿಲ್ಲ.

ಅವನ ದಡ್ಡತನವನ್ನೂ ಹೇಳಿಬಿಡಬೇಕು. ದೋಣಿಯ ಮರಕ್ಕೆ ಬೂತಾಯಿ ಮೀನಿನ ಎಣ್ಣೆ ಬಳಿಯುತ್ತಾರಲ್ಲ, ಹಾಗೆ ಜೀಪಿನ ಅಡಿಗೂ ಬಳಿದ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಒಯ್ಯುವ ಶಾಫ್ಟುಗಳ ತುದಿಯ ಕೀಲಾದ ಯೂನಿವರ್ಸಲ್ ಜಾಯಿಂಟಿಗೂ ಗ್ರೀಸಿನ ಬದಲು ಅದನ್ನೇ ಕುಡಿಸಿದ. ಎಣ್ಣೆ ಗೋಂದಾಯಿತು, ಉಪ್ಪುನೀರು ಒಳಹೊಕ್ಕಿತು, ಜಾಯಿಂಟಿನೊಳಗಿನ ಸೂಜಿ ಬೇರಿಂಗುಗಳು ತುಕ್ಕಿನ ಪುಡಿಯಾದವು. ಕ್ಲಚ್ ಬಿಟ್ಟರೆ ಸಾಕು, ಅಡಿಯಿಂದ ಸುತ್ತಿಗೆ ಹೊಡೆದ ಸದ್ದು.

ಒಂದು ಭಾನುವಾರ ಹಿಂದಿನ ಶಾಫ್ಟ್ ಬಿಚ್ಚಿ, ಹಳೆಯ ಜಾಯಿಂಟನ್ನು ಬಡಿದು ಹೊರತೆಗೆಯುತ್ತಿದ್ದ. ಹೆಂಡತಿ ಕಮಲ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಮೀನು ಮಾರುವ ನನಗೇ ವಾಕರಿಕೆ ಬರ್ತದೆ. ಎಂತ ತಿನ್ನಿಸಿದ್ದು ನೀವು ಗಾಡಿಗೆ?"

"ನಿನ್ನ ತಲೆ! ಆ ಸುತ್ತಿಗೆ ಕೊಡು."

ಅಷ್ಟರಲ್ಲಿ ಮಣಿಪಾಲದಿಂದ ಬಂದ ರೋಹಿತ್ ಎಂಬಾತ ಓಡಿಬಂದ. 'ವಾಹನ ನಿಷೇಧ' ಎಂಬ ಫಲಕವನ್ನು ದಾಟಿ ನುಗ್ಗಿಸಿದ ಅವನ ಹೊಸ ಕಾರು, ಒದ್ದೆ ಮರಳಿನಲ್ಲಿ ಹೊಟ್ಟೆಯವರೆಗೆ ಹೂತಿತ್ತು.

"ಅಣ್ಣಾ, ನೀರು ಏರ್ತಾ ಉಂಟು! ಬೇಗ!"

"ಶಾಫ್ಟ್ ನೆಲದಲ್ಲಿ ಬಿದ್ದಿರುವುದು ಕಾಣುದಿಲ್ವಾ?"

"ಮುಂದಿನ ಚಕ್ರದಲ್ಲಿ ಎಳೆಯಬಹುದಲ್ಲ? ಪ್ಲೀಸ್ ಅಣ್ಣಾ."

ಎಳೆಯಬಹುದಿತ್ತು. ಆದರೆ ಮುಂದಿನ ಜಾಯಿಂಟೂ ಅಷ್ಟೇ ಸವೆದಿತ್ತು, ಸಂಜೆಗೆ ಊರಿನ ಮೀನುಗಾರ ಜಿತೇಂದ್ರನ ದೋಣಿ ಬರುವುದಿತ್ತು. ಕಿಟ್ಟ ಬೈದ, ಉಗುಳಿದ, ಕೊನೆಗೆ ಹೋದ. ಕಾರು ಮೇಲೆ ಬಂತು. ಅದೇ ಕ್ಷಣಕ್ಕೆ ಜೀಪಿನ ಮುಂದಿನ ಜಾಯಿಂಟು ಮುರಿದು ಶಾಫ್ಟು ಮರಳಿಗೆ ಕುಸಿಯಿತು. ರೋಹಿತ್ ಬಗ್ಗಿ ನೋಡಿದ. ಜೀಪಿನ ಅಡಿಯನ್ನಲ್ಲ, ತನ್ನ ಬಂಪರನ್ನು.

"ಗೀರು ಬಿತ್ತಲ್ಲ ಮಾರಾಯ್ರೆ," ಎಂದು ಹೊರಟೇಹೋದ.

ಸಂಜೆ ಕಡಲು ಕೆರಳಿತ್ತು. ಎಳೆಯಲು ಜೀಪಿಲ್ಲ. ದೋಣಿಯವರು ಹೆಗಲು ಕೊಟ್ಟರು, ಅಲೆಯೊಂದು ದೋಣಿಯನ್ನು ಅಡ್ಡಕ್ಕೆ ಎತ್ತಿ ಕುಕ್ಕಿತು, ಹಲಗೆ ಸೀಳಿತು. ಜಿತೇಂದ್ರ ಒದ್ದೆ ಬಟ್ಟೆಯಲ್ಲೇ ಬಂದು ನಿಂತ.

"ಕಾರಿನವ ನಿನ್ನ ಅಳಿಯನಾ ಕಿಟ್ಟ? ನಮ್ಮ ಹೊಟ್ಟೆಗೆ ಎಂತ ಮಾಡುದು ಈಗ?"

ಕಿಟ್ಟ ಸೀಳಿದ ಹಲಗೆಯ ಚೂರುಗಳನ್ನು ಹೆಕ್ಕತೊಡಗಿದ.

ಇತ್ತ ರೋಹಿತ್ ವಿಡಿಯೋ ಹಾಕಿದ್ದ. ಹಗ್ಗ ಇಲ್ಲ, ಜೀಪು ಇಲ್ಲ, ಕಿಟ್ಟನಂತೂ ಇಲ್ಲವೇ ಇಲ್ಲ. ಕಾರು ತಾನೇ ಮರಳು ಸೀಳಿ ಎದ್ದು ಬಂದಂತೆ ಕತ್ತರಿಸಿ, ಅಬ್ಬರದ ಸಂಗೀತ ಹಾಕಿದ್ದ. ಒಬ್ಬ ಮುದುಕನ ಬೆವರನ್ನು ಒರೆಸಿ ಹಾಕಿ ಅದರ ಮೇಲೆ ತನ್ನ ಪೌರುಷ ಬರೆದುಕೊಳ್ಳುವ ಈ ಜಾತಿಯ ಸಾಹಸಕ್ಕೆ ಹೇಸಿಗೆ ಎನ್ನುವ ಮಾತೂ ಕಡಿಮೆಯೇ. ಕೊಳೆತ ಮೀನಾದರೆ ಗೊಬ್ಬರಕ್ಕಾದರೂ ಆಗುತ್ತದೆ.

ಕಿಟ್ಟ ಎರಡೂ ಶಾಫ್ಟುಗಳಿಗೆ ಹೊಸ ಜಾಯಿಂಟು ಕೂರಿಸಿದ. ಈ ಸಲ ಅಂಚಿನಿಂದ ಉಕ್ಕುವವರೆಗೆ ಗ್ರೀಸನ್ನೇ ತುಂಬಿದ. ಮುಂದಿನ ವಾರ ಮತ್ತೊಂದು ಕಾರು ಹೂತಿತು, ಮತ್ತೊಂದು ಗುಂಪು ಓಡಿಬಂತು. ದೂರದಲ್ಲಿ ದೋಣಿ ಕಾಣುತ್ತಿತ್ತು.

"ದೋಣಿ ಬರಲಿ. ಆಮೇಲೆ ನಿಮ್ಮದು."

"ಅಷ್ಟರಲ್ಲಿ ಕಾರಿಗೆ ನೀರು ಹೋಗ್ತದೆ!"

"ಹೋಗ್ಲಿ. ಇಲ್ಲಿಗೆ ತನ್ನಿ ಅಂತ ಕರೆದದ್ದು ನಾನಾ?" ಜೊತೆಗೆ ಎರಡು ಬೈಗುಳ.

ಮೊದಲು ದೋಣಿ ಎಳೆದ. ಆಮೇಲೆ ಸೀಟಿನವರೆಗೆ ನೀರು ಕುಡಿದಿದ್ದ ಕಾರನ್ನೂ ಎಳೆದುಕೊಟ್ಟ.

ಈಗ ಊರೆಲ್ಲ ತಿರುಗುತ್ತಿರುವುದು ಕಿಟ್ಟ ಬೈಯುವಾಗ ಆ ಗುಂಪಿನವರು ಫೋನಿನಲ್ಲಿ ಹಿಡಿದ ವಿಡಿಯೋ. 'ಮಾನವೀಯತೆ ಸತ್ತಿದೆ' ಎಂದು ಕೆಳಗೆ ಜನ ಸಾಲುಗಟ್ಟಿ ಅತ್ತಿದ್ದಾರೆ. ಅದನ್ನು ಹಂಚಿದವರಲ್ಲಿ ರೋಹಿತನೂ ಒಬ್ಬ. ಥೂ!

ಕಮಲ ಫೋನನ್ನು ಗಂಡನ ಮುಖದ ಮುಂದೆ ಹಿಡಿದಳು. ಕಿಟ್ಟ ತನ್ನ ಬೈಗುಳವನ್ನು ಕೊನೆಯವರೆಗೆ ಕೇಳಿದ.

"ಆಮೇಲೆ ಕಾರು ಎಳೆದದ್ದು ಎಲ್ಲುಂಟು?"

"ಅದು ಹಾಕಲಿಲ್ಲ."

"ದೋಣಿಯದ್ದು?"

"ಅದೂ ಇಲ್ಲ. ನಿಮ್ಮ ಮುಖ ಮಾತ್ರ ಚೆಂದ ಬಂದಿದೆ."