ಅಡ್ಡ ಬಂದ ಕೈ

ನಮ್ಮ ಶಿವಮೊಗ್ಗದ ಗರಡಿಯಲ್ಲಿ ಕುಸ್ತಿಗೆ ಮೊದಲು ಇಬ್ಬರೂ ಅಖಾಡದ ಮಣ್ಣು ಮುಟ್ಟಿ ಆಣೆ ಮಾಡಬೇಕಿತ್ತು: ಮೋಸ ಮಾಡುವುದಿಲ್ಲ, ಸೋತರೆ ಪಂಚರ ತೀರ್ಪಿಗೆ ಎದುರಾಡುವುದಿಲ್ಲ. ನಾನದನ್ನು ಯಾವಾಗಲೂ ಗೊಣಗಿ ಮುಗಿಸುತ್ತಿದ್ದೆ.

ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ ಹೊಸತು. ಆ ಸಲ ನನ್ನ ಎದುರಾಳಿ ಅಲ್ಲಿಯ ಕೆಲಸಗಾರ, ತೋಳಿನ ತುಂಬ ಸುಟ್ಟ ಕಲೆಗಳು. ಅವನನ್ನು ಬೇಗನೆ ಕೆಡವಿದೆ. ಎರಡೂ ಭುಜ ಮಣ್ಣಿಗೆ ತಾಗಿದರೆ ಸೋಲು. ತಾಗಿತೆಂದು ಪಂಚರು ಕೈ ಎತ್ತಿದರು. ಜನ ಕೂಗಿದರು, ನನಗೆ ಕಟ್ಟಲು ಪೇಟ ಬಂತು. ಎದುರಾಡುವುದಿಲ್ಲವೆಂದು ಆಣೆ ಮಾಡಿದ್ದ ಅವನು ಮಣ್ಣು ಕೊಡವಿಕೊಂಡು ಎದ್ದ. ಆದರೆ ಕೆಡವಿದಾಗ ಅವನ ಬಲಭುಜದ ಅಡಿಯಲ್ಲಿ ನನ್ನ ಅಂಗೈ ಸಿಕ್ಕಿಕೊಂಡಿತ್ತು. ಆಣೆಗೆಂದು ಮಣ್ಣು ಮುಟ್ಟಿದ್ದ ಅದೇ ಅಂಗೈ.

"ಒಂದು ಭುಜ ತಾಗಿಲ್ಲ. ನನ್ನ ಕೈ ಅಡ್ಡ ಇತ್ತು," ಎಂದೆ.

"ಕೊಟ್ಟ ಗೆಲುವನ್ನ ಬೇಡ ಅಂತೀಯಲ್ಲ ಮಾರಾಯ, ತಲೆ ನೆಟ್ಟಗಿದ್ಯಾ?" ಎಂದು ನಮ್ಮ ಉಸ್ತಾದರು ರೇಗಿದರು. ನನಗೂ ರೇಗಿತು. ಆಣೆ ಮಾಡಿಸಿದವರು ಅವರೇ ಅಲ್ಲವೇ? ಪೇಟ ವಾಪಸು ಕೊಟ್ಟು ಮತ್ತೆ ತೊಡೆ ತಟ್ಟಿದೆ.

ಎರಡನೇ ಸಲ ಅವನು ನನ್ನನ್ನು ಬಹಳ ಹೊತ್ತು ಅರೆದು ಹಾಕಿದ. ಕೊನೆಗೆ ಅವನ ಕಾಲು ಕೈಗೆ ಸಿಕ್ಕಿತು, ಎತ್ತಿ ಕೆಡವಿದೆ. ಈ ಬಾರಿ ನನ್ನ ಎರಡೂ ಕೈ ಅವನ ಎದೆಯ ಮೇಲಿದ್ದವು. ಪಂಚರು ಬಗ್ಗಿ ನೋಡುವ ಮೊದಲೇ, ಮಲಗಿದ್ದಲ್ಲಿಂದಲೇ ಅವನು ಎಲ್ಲರಿಗೂ ಕೇಳುವಂತೆ ಹೇಳಿದ:

"ಎರಡೂ ತಾಗಿದೆ ಅಣ್ಣ. ಈಗ ಪೇಟ ಕಟ್ಟಿಸ್ಕೊ."